ಯಾರು ಯಾರನ್ನು ನೋಡಿ ಬರೆದರು?

ಗಣಿತ ಕಲಿಸಿ ನಿವೃತ್ತನಾದವನಿಗೆ ಇಂಗ್ಲೆಂಡಿನ ಶಿಲ್ಪಿಗಳ ಗೊಡವೆ ಏಕೆ ಎಂದು ಈ ಪುಟವನ್ನು ತಪ್ಪದೆ ಓದುವ ಮಿತ್ರರು ಕೇಳಬಹುದು. ಕಾರಣವಿದೆ. ಅದನ್ನು ಹೇಳಲು ನನ್ನದೇ ಒಂದು ತಪ್ಪಿನಿಂದ ಆರಂಭಿಸಬೇಕಾಗಿದೆ.

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ಹತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆ. ರೇಖಾಗಣಿತದ ಒಂದು ಪ್ರಶ್ನೆಗೆ ಇಬ್ಬರು ಮಕ್ಕಳು ಒಂದೇ ಬಗೆಯ ಉತ್ತರ ಬರೆದಿದ್ದರು. ಪಠ್ಯಪುಸ್ತಕದಲ್ಲಿ ಇಲ್ಲದ, ನಾನೂ ಹೇಳಿಕೊಡದ ರೀತಿ ಅದು. ವೃತ್ತದ ಹೊರಗೆ ಒಂದು ಹೆಚ್ಚಿನ ಗೆರೆಯನ್ನೆಳೆದು ನಾಲ್ಕೇ ಸಾಲಿನಲ್ಲಿ ಸಾಧನೆಯನ್ನು ಮುಗಿಸಿದ್ದರು. ಒಬ್ಬನು ತರಗತಿಗೇ ಮೊದಲಿಗನಾದ ಹುಡುಗ. ಇನ್ನೊಬ್ಬಳು ಹೆಚ್ಚು ಮಾತನಾಡದ, ಸಾಧಾರಣ ಅಂಕಗಳ ಹುಡುಗಿ. ನಾನು ವಿಚಾರಿಸುವ ಗೋಜಿಗೆ ಹೋಗಲಿಲ್ಲ. ಹುಡುಗಿಯ ಉತ್ತರಪತ್ರಿಕೆಯ ಮೇಲೆ ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದೆ. ತರಗತಿಯಲ್ಲಿ ನಾಲ್ಕು ಮಾತನ್ನೂ ಆಡಿದೆ. ಮೂರು ದಿನಗಳ ಅನಂತರ ಆ ಹುಡುಗ ಶಿಕ್ಷಕರ ಕೊಠಡಿಯ ಬಾಗಿಲಲ್ಲಿ ನಿಂತು, "ಸಾರ್, ಆ ಗೆರೆ ನಂದಲ್ಲ. ಪರೀಕ್ಷೆಗೆ ಮುಂಚೆ ಅವರ ಮನೆ ಜಗಲೀಲಿ ಕೂತು ಓದ್ಕೊಳ್ತಿದ್ವಿ, ಆಗ ಅವಳು ಎಳೆದು ತೋರಿಸಿದ್ದು" ಎಂದ. ಅಂಕಗಳನ್ನು ತಿದ್ದಿದೆ. ಆದರೆ ಅಷ್ಟರೊಳಗೆ ಹುಡುಗರು ಆಕೆಗೆ 'ಕಾಪಿ' ಎಂಬ ಅಡ್ಡಹೆಸರನ್ನಿಟ್ಟಾಗಿತ್ತು. ಅದನ್ನು ತಿದ್ದಲು ನನ್ನ ಕೆಂಪು ಶಾಯಿಗೆ ಶಕ್ತಿಯಿರಲಿಲ್ಲ.

2014ರ ಬೇಸಿಗೆಯಲ್ಲಿ ಮಗಳ ಮನೆಯೆಂದು ಲೀಡ್ಸ್ ನಗರದಲ್ಲಿ ಎರಡು ತಿಂಗಳು ಇದ್ದೆ. ಮಗಳೂ ಅಳಿಯನೂ ಕೆಲಸಕ್ಕೆ ಹೋದ ಮೇಲೆ ನನಗೆ ಕಾಲ ಕಳೆಯುವುದೇ ಕಷ್ಟ. ರೈಲಿನಲ್ಲಿ ಸಮೀಪದ ವೇಕ್‌ಫೀಲ್ಡಿಗೆ ಹೋಗಿ ಅಲ್ಲಿಯ ಹೊಸ ಕಲಾಸಂಗ್ರಹಾಲಯವನ್ನು ನೋಡಿಬನ್ನಿ ಎಂದು ಮಗಳು ಕಳುಹಿಸಿದಳು. ಕಾಲ್ಡರ್ ನದಿಯ ದಡದಲ್ಲಿ 2011ರಲ್ಲಿ ತೆರೆದ ಆ ಕಟ್ಟಡಕ್ಕೆ ಆ ಊರಿನಲ್ಲೇ ಹುಟ್ಟಿದ ಶಿಲ್ಪಿ ಬಾರ್ಬರಾ ಹೆಪ್‌ವರ್ತ್ ಅವರ ಹೆಸರನ್ನೇ ಇಟ್ಟಿದ್ದಾರೆ. ಒಳಗೆ ಮರದಲ್ಲಿ, ಕಲ್ಲಿನಲ್ಲಿ, ಪ್ಲಾಸ್ಟರಿನಲ್ಲಿ ಮಾಡಿದ ಗುಂಡನೆಯ ಆಕೃತಿಗಳು. ಹಲವಕ್ಕೆ ನಟ್ಟನಡುವೆ ರಂಧ್ರ. ನನ್ನ ಪಕ್ಕದಲ್ಲಿ ನಿಂತಿದ್ದ ಒಬ್ಬ ಹಿರಿಯರು ತಮ್ಮ ಜೊತೆಯವರಿಗೆ, ಇದೆಲ್ಲ ಹೆನ್ರಿ ಮೂರ್ ಮಾಡಿದಂತೆಯೇ ಇದೆ, ಆದರೆ ಚಿಕ್ಕದು ಎಂಬರ್ಥದ ಮಾತನ್ನಾಡಿದರು. ನನಗೆ ಆ ಕೆಂಪು ಸೊನ್ನೆ ನೆನಪಾಯಿತು. ಊರಿಗೆ ಬಂದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ, ಈಗಲೂ ಓದುತ್ತಿದ್ದೇನೆ.

ಹೆನ್ರಿ ಮೂರ್ ಹುಟ್ಟಿದ್ದು 1898ರಲ್ಲಿ, ಕ್ಯಾಸಲ್‌ಫರ್ಡ್ ಎಂಬ ಕಲ್ಲಿದ್ದಲಿನ ಊರಿನಲ್ಲಿ. ತಂದೆ ಗಣಿಯಲ್ಲಿ ದುಡಿಯುತ್ತಿದ್ದವರು; ಎಂಟು ಮಕ್ಕಳಲ್ಲಿ ಇವರು ಏಳನೆಯವರು. ಬಾರ್ಬರಾ ಹೆಪ್‌ವರ್ತ್ ಹುಟ್ಟಿದ್ದು 1903ರಲ್ಲಿ, ತಂದೆ ಇಂಜಿನಿಯರ್. ಎರಡು ಊರುಗಳ ನಡುವೆ ಹತ್ತು ಮೈಲಿಯ ಆಸುಪಾಸು. ವೇಕ್‌ಫೀಲ್ಡಿನ ಮೂಲಕ ಹರಿಯುವ ಕಾಲ್ಡರ್ ನದಿ ಕ್ಯಾಸಲ್‌ಫರ್ಡಿನಲ್ಲಿಯೇ ಏರ್ ನದಿಯನ್ನು ಕೂಡಿಕೊಳ್ಳುತ್ತದೆ. ಒಂದೇ ನೀರು, ಒಂದೇ ಮಸಿ ಹಿಡಿದ ಆಕಾಶ, ಊರಾಚೆ ಅದೇ ಬೋಳುಗುಡ್ಡಗಳು. ತಂದೆಯ ಕಾರಿನಲ್ಲಿ ಕುಳಿತು ಆ ಗುಡ್ಡಗಳ ಏರಿಳಿತವನ್ನು ಮೈಯಲ್ಲೇ ಅನುಭವಿಸಿದ್ದನ್ನು ಹೆಪ್‌ವರ್ತ್ ಕೊನೆಯವರೆಗೂ ನೆನೆಯುತ್ತಿದ್ದರು. ಮೂರ್ ಅವರಿಗೆ ಗಣಿಯ ತ್ಯಾಜ್ಯದ ರಾಶಿಗಳೇ ಬೆಟ್ಟಗಳು. ಸಂಧಿವಾತದಿಂದ ನರಳುತ್ತಿದ್ದ ತಾಯಿಯ ಬೆನ್ನನ್ನು ಬಾಲಕ ಮೂರ್ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರಂತೆ. ಅವರ ಒರಗಿ ಕುಳಿತ ಹೆಂಗಸರ ಬೆನ್ನುಗಳನ್ನು ನೋಡಿದವರಿಗೆ ಈ ಸಂಗತಿ ಸುಳ್ಳೆನಿಸದು.

ಉಪಾಧ್ಯಾಯನಾದ ನನಗೆ ಹೆಚ್ಚು ಹಿಡಿಸಿದ್ದು ಇವರ ಶಾಲೆಯ ದಿನಗಳು. ಮೂರ್ ಅವರ ಕೈಗೆ ಧೈರ್ಯ ಕೊಟ್ಟವರು ಆಲಿಸ್ ಗಾಸ್ಟಿಕ್ ಎಂಬ ಚಿತ್ರಕಲೆಯ ಶಿಕ್ಷಕಿ. ಹೆಪ್‌ವರ್ತ್ ಅವರಿಗೆ ಏಳು ವರ್ಷವಿದ್ದಾಗ ಶಾಲೆಯ ಮುಖ್ಯೋಪಾಧ್ಯಾಯಿನಿ ಈಜಿಪ್ಟಿನ ಶಿಲ್ಪದ ಬಗ್ಗೆ ಚಿತ್ರಗಳನ್ನು ತೋರಿಸಿ ಉಪನ್ಯಾಸ ಕೊಟ್ಟರು. ತಾನು ಶಿಲ್ಪಿಯಾದದ್ದು ಅಲ್ಲಿಂದ ಎಂದು ಆಕೆ ಹೇಳಿಕೊಂಡಿದ್ದಾರೆ. ಮೂರ್ ಸ್ವತಃ ಕೆಲಕಾಲ ತಮ್ಮ ಊರಿನ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರಾಗಿದ್ದರು. ಆ ಕೆಲಸ ಅವರಿಗೆ ಹಿಡಿಸಲಿಲ್ಲ; ಅದಕ್ಕಾಗಿ ನಾನು ಅವರನ್ನು ಕ್ಷಮಿಸಿದ್ದೇನೆ. 1917ರಲ್ಲಿ ಸೈನ್ಯಕ್ಕೆ ಹೋಗಿ ಕಾಂಬ್ರೆ ಯುದ್ಧದಲ್ಲಿ ವಿಷಾನಿಲಕ್ಕೆ ಸಿಕ್ಕಿ ಬದುಕಿ ಬಂದರು. ಮಾಜಿ ಸೈನಿಕರಿಗೆ ಸಿಗುತ್ತಿದ್ದ ಧನಸಹಾಯದಿಂದ 1919ರಲ್ಲಿ ಲೀಡ್ಸ್ ಕಲಾಶಾಲೆಗೆ ಸೇರಿದರು. ಮರುವರ್ಷ ವಿದ್ಯಾರ್ಥಿವೇತನ ಪಡೆದು ಹೆಪ್‌ವರ್ತ್ ಅಲ್ಲಿಗೇ ಬಂದರು. 1921ರಲ್ಲಿ ಇಬ್ಬರೂ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಸೇರಿದರು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ವಯಸ್ಸಿನಲ್ಲಿ ಅಂತರ ನಾಲ್ಕೂವರೆ ವರ್ಷ; ಆ ವರ್ಷಗಳನ್ನು ಯುದ್ಧವೂ ಮೇಷ್ಟರಗಿರಿಯೂ ತಿಂದುಹಾಕಿದ್ದವು. ವಿದ್ಯೆಯಲ್ಲಿ ಇವರು ಸಹಪಾಠಿಗಳು. ಆದರೂ ಅರ್ಧ ಶತಮಾನದ ಕಾಲ ವಿಮರ್ಶಕರು ಹೆಪ್‌ವರ್ತ್ ಅವರನ್ನು ಮೂರ್ ಅವರ ಶಿಷ್ಯೆಯೆಂಬಂತೆ ಬರೆದರು. ಗುರು ಯಾವಾಗ ಪಾಠ ಹೇಳಿದ್ದು, ಎಲ್ಲಿ?

ಇಬ್ಬರಿಗೂ ಗುರುಗಳೆಂದರೆ ಬೇರೆಯವರು. ಆ ಕಾಲದ ಪದ್ಧತಿಯಲ್ಲಿ ಶಿಲ್ಪಿಯು ಜೇಡಿಮಣ್ಣಿನಲ್ಲಿ ಮಾದರಿ ಮಾಡುತ್ತಿದ್ದ. ಅಳತೆಯ ಯಂತ್ರವೊಂದರಿಂದ ಅದರ ಬಿಂದುಗಳನ್ನು ಕಲ್ಲಿಗೆ ವರ್ಗಾಯಿಸಿ ಕೂಲಿಯ ಕಲ್ಲುಕುಟಿಗರು ಕೆತ್ತುತ್ತಿದ್ದರು. ರುಮೇನಿಯಾದಿಂದ ಪ್ಯಾರಿಸ್ಸಿಗೆ ಬಂದ ಬ್ರಾಂಕುಸಿ, ಅಮೆರಿಕದಿಂದ ಲಂಡನ್ನಿಗೆ ಬಂದ ಎಪ್‌ಸ್ಟೈನ್, ಮೊದಲ ಮಹಾಯುದ್ಧದಲ್ಲಿ ಇಪ್ಪತ್ಮೂರನೆಯ ವಯಸ್ಸಿಗೇ ಮಡಿದ ಗೋಡಿಯೆ-ಬ್ರೆಸ್ಕಾ, ಇವರು ಈ ಪದ್ಧತಿಯನ್ನು ಬಿಟ್ಟು ಕಲ್ಲಿನ ಮೇಲೆ ನೇರವಾಗಿ ಉಳಿಯಿಟ್ಟರು. ಕಲ್ಲು ಕಲ್ಲಿನಂತೆಯೇ ಇರಲಿ, ಮಾಂಸದಂತೆ ಕಾಣಬೇಕಾಗಿಲ್ಲ ಎಂಬುದು ಅವರ ನಿಲುವು. ಮೂರ್ ಮತ್ತು ಹೆಪ್‌ವರ್ತ್ ಇಬ್ಬರೂ ಇದನ್ನು ಧರ್ಮದೀಕ್ಷೆಯಂತೆ ಸ್ವೀಕರಿಸಿದರು. ಮೂರ್ ವಿದ್ಯಾರ್ಥಿಯಾಗಿದ್ದಾಗ ಇಟಲಿಯ ಹಳೆಯ ಶಿಲ್ಪವೊಂದನ್ನು ಯಂತ್ರದ ಸಹಾಯದಿಂದ ನಕಲು ಮಾಡಬೇಕೆಂದು ಕಾಲೇಜಿನಲ್ಲಿ ಹೇಳಲಾಗಿತ್ತು. ಅವರು ಕಣ್ಣಳತೆಯಿಂದಲೇ ನೇರವಾಗಿ ಕೆತ್ತಿ, ಯಂತ್ರದ ಸೂಜಿ ತಾಗಿದಂತೆ ಅಲ್ಲಲ್ಲಿ ಸಣ್ಣ ಚುಕ್ಕೆಗಳನ್ನು ಮಾಡಿ ಒಪ್ಪಿಸಿದರಂತೆ! ನಕಲು ಮಾಡಲಿಲ್ಲವೆಂಬ ತಪ್ಪನ್ನು ಮುಚ್ಚಲು ನಕಲಿನ ಗುರುತನ್ನು ನಕಲಿಯಾಗಿ ಮಾಡಿದ ವಿದ್ಯಾರ್ಥಿಯನ್ನು ನನ್ನ ಸೇವಾವಧಿಯಲ್ಲಿ ನಾನು ಕಾಣಲಿಲ್ಲ. ಹೆಪ್‌ವರ್ತ್ ಇಟಲಿಗೇ ಹೋಗಿ, ಅಲ್ಲಿ ಶಿಲ್ಪಿ ಜಾನ್ ಸ್ಕೀಪಿಂಗ್ ಅವರನ್ನು ಮದುವೆಯಾಗಿ, ರೋಮಿನಲ್ಲಿ ಅರ್ದೀನಿ ಎಂಬ ಕುಶಲಿಯಿಂದ ಅಮೃತಶಿಲೆ ಕೆತ್ತುವುದನ್ನು ಕಲಿತರು.

ಬ್ರಿಟಿಷ್ ಮ್ಯೂಸಿಯಂ ಇನ್ನೊಂದು ಪಾಠಶಾಲೆ. ಈಜಿಪ್ಟ್, ಮೆಕ್ಸಿಕೊ, ಗ್ರೀಸಿನ ಸೈಕ್ಲಾಡಿಕ್ ದ್ವೀಪಗಳು, ಆಫ್ರಿಕಾ, ಎಲ್ಲದರ ಪ್ರಾಚೀನ ಕೆತ್ತನೆಗಳೂ ಅಲ್ಲಿ ಒಟ್ಟಿಗೆ ಸಿಗುತ್ತಿದ್ದವು. ಮೆಕ್ಸಿಕೊದ ಚಿಚೆನ್ ಇಟ್ಜಾದಲ್ಲಿ ಸಿಕ್ಕ ಚಾಕ್‌ಮೂಲ್ ಎಂಬ, ಬೆನ್ನ ಮೇಲೆ ಒರಗಿ ಮುಖವನ್ನು ಪಕ್ಕಕ್ಕೆ ತಿರುಗಿಸಿದ ಶಿಲಾಮೂರ್ತಿಯ ಅಚ್ಚನ್ನು ಮೂರ್ ಪ್ಯಾರಿಸ್ಸಿನಲ್ಲಿ ನೋಡಿದ್ದರು. 1929ರಲ್ಲಿ ಕಂದು ಬಣ್ಣದ ಹಾರ್ನ್‌ಟನ್ ಶಿಲೆಯಲ್ಲಿ ಅವರು ಕೆತ್ತಿದ ಒರಗಿದ ಹೆಂಗಸು ಅದರ ನೇರ ಸಂತಾನ. ಅದು ಈಗ ಲೀಡ್ಸ್ ಕಲಾಸಂಗ್ರಹಾಲಯದಲ್ಲಿದೆ. ಆ ದೇಹದ ತೂಕ, ಆ ಮುಖದ ಎಚ್ಚರ! ಮೂರ್ ಮುಂದೆ ಎಷ್ಟು ದೊಡ್ಡದನ್ನು ಮಾಡಿದರೂ ಇದಕ್ಕಿಂತ ಹೆಚ್ಚಿನದನ್ನು ಮಾಡಲಿಲ್ಲವೆಂದು ನನ್ನ ನಂಬಿಕೆ.

ಇನ್ನು ವಿವಾದದ ಮೂಲಕ್ಕೆ ಬರೋಣ. 1930 ಮತ್ತು 1931ರ ಬೇಸಿಗೆಗಳಲ್ಲಿ ಇವರೆಲ್ಲ ನಾರ್ಫೋಕ್ ಕಡಲತೀರದ ಒಂದು ಹಳ್ಳಿಗೆ ರಜೆಗೆ ಹೋದರು. ಬರೆಯುವುದು ಹ್ಯಾಪಿಸ್‌ಬರ್ಗ್ ಎಂಬಂತೆ, ಉಚ್ಚರಿಸುವುದು ಹೇಯ್ಸ್‌ಬರೊ. (ಇಂಗ್ಲಿಷ್ ಕಲಿಸುತ್ತಿದ್ದ ನನ್ನ ಸಹೋದ್ಯೋಗಿಗಳ ಮೇಲೆ ಆಗಾಗ ಕನಿಕರ ಬರುತ್ತದೆ.) ಸಮುದ್ರವು ತೊಳೆದು ನುಣುಪಾಗಿಸಿದ ಕಬ್ಬಿಣಗಲ್ಲುಗಳನ್ನು ದಡದಲ್ಲಿ ಆರಿಸಿ ತಂದು ಕೆತ್ತುತ್ತಿದ್ದರು. ಎರಡನೆಯ ಬೇಸಿಗೆಯಲ್ಲಿ ಚಿತ್ರಕಾರ ಬೆನ್ ನಿಕಲ್ಸನ್ ಬಂದರು. ಹೆಪ್‌ವರ್ತ್ ಅವರ ಮೊದಲ ದಾಂಪತ್ಯ ಮುರಿಯಿತು. ನೀರು ಕೊರೆದ ಕಲ್ಲುಗಳಲ್ಲಿ ತೂತುಗಳು ಸಹಜ. ಆ ತೂತುಗಳನ್ನು ಇಬ್ಬರೂ ನೋಡಿದ್ದರು. ಅನಂತರ ಹೆಪ್‌ವರ್ತ್ ನಸುಗೆಂಪು ಅಲಬಾಸ್ಟರ್ ಶಿಲೆಯೊಂದನ್ನು ಈ ಕಡೆಯಿಂದ ಆ ಕಡೆಗೆ ತೂರಿ ಕೊರೆದರು. ಅದೇ 'ಪಿಯರ್ಸ್ಡ್ ಫಾರ್ಮ್'. ಬಹುಕಾಲ ಅದಕ್ಕೆ 1931 ಎಂಬ ಇಸವಿ ಅಂಟಿಕೊಂಡಿತ್ತು. ಈಗ 1932 ಎಂದು ಒಪ್ಪುತ್ತಾರೆ. ಯುದ್ಧದಲ್ಲಿ ಅದು ನಾಶವಾಗಿ ಉಳಿದಿರುವುದು ಛಾಯಾಚಿತ್ರ ಮಾತ್ರ. ಮೂರ್ ಅವರ ಕೃತಿಗಳಲ್ಲಿ ಈ ಬಗೆಯ ರಂಧ್ರ ಕಾಣಿಸಿಕೊಂಡದ್ದು ಇದರ ಬೆನ್ನಿಗೆ. ಆದರೆ ಲೋಕದ ಬಾಯಲ್ಲಿ ತೂತಿನ ಶಿಲ್ಪ ಎಂದರೆ ಮೂರ್. ವ್ಯಂಗ್ಯಚಿತ್ರಕಾರರಿಗೂ ಅವರೇ ಸಿಕ್ಕಿದರು. ಕಲ್ಲಿನಲ್ಲಿ ಮೊದಲ ರಂಧ್ರವು ಒಂದು ದರ್ಶನವೆಂಬಂತೆ ಮೂರ್ 1937ರಲ್ಲಿ ಬರೆದದ್ದೂ ಆ ನಂಟನ್ನು ಗಟ್ಟಿಮಾಡಿತು.

ಜಗತ್ತಿನಲ್ಲೇ ಮೊದಲು ಎಂಬ ಪಟ್ಟ ಇಬ್ಬರಿಗೂ ಸಲ್ಲದು. ಆರ್ಕಿಪೆಂಕೊ ಎಂಬ ಶಿಲ್ಪಿ 1910ರ ದಶಕದಲ್ಲಿಯೇ ತಲೆಯಿರಬೇಕಾದ ಸ್ಥಳದಲ್ಲಿ ಬಯಲನ್ನು ಬಿಟ್ಟಿದ್ದರು. ಹಾಗಿದ್ದಮೇಲೆ ಈ ಇಬ್ಬರಲ್ಲಿ ಯಾರು ಮೊದಲೆಂಬ ಜಗಳ ಬಾಲಿಶವಲ್ಲವೇ ಎಂದು ಕೇಳುವವರುಂಟು. ಕಲೆಯು ಓಟದ ಪಂದ್ಯವಲ್ಲ ಎಂಬ ಉದಾರ ನುಡಿಯನ್ನು ನಾನೂ ಹಲವೆಡೆ ಓದಿದ್ದೇನೆ. ನನಗದು ಒಪ್ಪಿಗೆಯಿಲ್ಲ. ಪದಕವನ್ನು ಕೊರಳಿಗೆ ಹಾಕಿಸಿಕೊಂಡವನ ಕಡೆಯವರು ಆಡಿದಾಗ ಆ ಮಾತು ತುಂಬ ಸುಲಭ. 'ಕಾಪಿ' ಎಂದು ಕರೆಸಿಕೊಂಡ ಹುಡುಗಿಗೆ ಗೆರೆಯನ್ನು ಯಾರು ಮೊದಲು ಎಳೆದರು ಎಂಬುದು ಬಾಲಿಶ ಪ್ರಶ್ನೆಯಾಗಿರಲಿಲ್ಲ. ಹೆಪ್‌ವರ್ತ್ ಈ ವಿಷಯದಲ್ಲಿ ಕೊನೆಯವರೆಗೂ ನೋಯುತ್ತಿದ್ದರು, ತಮ್ಮ ಹಕ್ಕನ್ನು ಬರೆದಿಟ್ಟರು, ಕೆಲವೊಮ್ಮೆ ಹಟವನ್ನೂ ತೋರಿದರು. ಅದನ್ನು ಹೆಂಗಸಿನ ಮತ್ಸರ ಎಂದು ಬರೆದ ಗಂಡಸರು ತಮ್ಮ ಹೆಸರನ್ನು ಇನ್ನೊಬ್ಬರ ಪುಸ್ತಕದ ಮೇಲೆ ಕಂಡಿದ್ದರೆ ಏನು ಮಾಡುತ್ತಿದ್ದರೋ!

ಆದರೆ ಈಚೆಗೆ ಕೆಲವರು ತೀರ್ಪನ್ನು ತಿರುಗಿಸಿ, ಮೂರ್ ಅವರೇ ಕದ್ದರು ಎಂಬಂತೆ ಮಾತನಾಡುತ್ತಾರೆ. ಅದು ಇನ್ನೊಂದು ಕೆಂಪು ಸೊನ್ನೆ. 1930ರ ದಶಕದಲ್ಲಿ ಇಬ್ಬರೂ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಕೂಗಳತೆಯ ದೂರದಲ್ಲಿದ್ದರು. ಅವರ ಗೆಳೆಯ, ವಿಮರ್ಶಕ ಹರ್ಬರ್ಟ್ ರೀಡ್ ಆ ಬೀದಿಗಳನ್ನು ಸೌಮ್ಯ ಕಲಾವಿದರ ಗೂಡಿಗೆ ಹೋಲಿಸಿದರು. ಅಲ್ಲಿ ಏನು ಯಾರದ್ದು ಎಂದು ವಿಂಗಡಿಸುವುದು, ಒಂದೇ ಜಗಲಿಯಲ್ಲಿ ಓದಿದ ಮಕ್ಕಳ ಉತ್ತರಗಳನ್ನು ವಿಂಗಡಿಸಿದಂತೆಯೇ. 1934ರ ಎರಡು ಕೃತಿಗಳನ್ನು ನೋಡಿ. ಎರಡೂ ಕಂಬರ್ಲೆಂಡ್ ಅಲಬಾಸ್ಟರ್ ಶಿಲೆ, ಎರಡೂ ಟೇಟ್ ಸಂಗ್ರಹದಲ್ಲಿವೆ. ಮೂರ್ ಒರಗಿದ ದೇಹವನ್ನು ನಾಲ್ಕು ತುಂಡುಗಳನ್ನಾಗಿ ಒಡೆದು ಹಲಗೆಯ ಮೇಲೆ ಹರಡಿದ್ದಾರೆ. ಅದರಲ್ಲಿ ಏನೋ ಭಯವಿದೆ. ಹೆಪ್‌ವರ್ತ್ ಕೆತ್ತಿದ್ದು ತಾಯಿ ಮತ್ತು ಮಗು. ಒರಗಿದ ತಾಯಿಯ ದೇಹದಲ್ಲಿ ಒಂದು ಪೊಳ್ಳು, ಮಡಿಲಿನ ಮೇಲೆ ಬೇರೆಯೇ ಕಲ್ಲಿನ ಮಗು. ಆ ಪೊಳ್ಳಿನಿಂದಲೇ ಮಗುವನ್ನು ಎತ್ತಿ ಇಟ್ಟಂತಿದೆ. ಅದೇ ವರ್ಷ ಅಕ್ಟೋಬರಿನಲ್ಲಿ ಆಕೆಗೆ ತ್ರಿವಳಿ ಮಕ್ಕಳು ಹುಟ್ಟಿದವು.

ಋಣ ಒಂದೇ ದಿಕ್ಕಿನದಲ್ಲ ಎಂಬುದಕ್ಕೆ ದಾರಗಳೇ ಸಾಕ್ಷಿ. ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನಲ್ಲಿ ವಕ್ರ ಮೇಲ್ಮೈಗಳನ್ನು ತೋರಿಸಲು ದಾರ ಬಿಗಿದು ಮಾಡಿದ ಗಣಿತದ ಮಾದರಿಗಳಿದ್ದವು. (ಗಣಿತ ಬಂದಿತಲ್ಲ, ನಾನೀಗ ನೆಟ್ಟಗೆ ಕುಳಿತೆ.) ಅವನ್ನು ನೋಡಿ 1937ರಿಂದ ಶಿಲ್ಪಗಳಿಗೆ ದಾರ ಬಿಗಿದವರು ಮೂರ್. ಹೆಪ್‌ವರ್ತ್ ದಾರ ಬಳಸಿದ್ದು ಅದಾದ ಎರಡು ವರ್ಷಗಳ ಮೇಲೆ. ನೆರೆಯಲ್ಲಿದ್ದ ರಷ್ಯಾದ ಶಿಲ್ಪಿ ನೌಮ್ ಗಾಬೊ ಅವರ ಪ್ರಭಾವವೂ ಇತ್ತು. ಮೂರ್ ಅದನ್ನು ಬರಿಯ ಜಾಣ್ಮೆಯೆಂದು ಬೇಗನೆ ಕೈಬಿಟ್ಟರು. ಹೆಪ್‌ವರ್ತ್ ಬಿಡಲಿಲ್ಲ. ಕಾರ್ನ್‌ವಾಲಿನ ಸಮುದ್ರದಂಚಿನಲ್ಲಿ ನೆಲೆಸಿದ ಮೇಲೆ, 1946ರಲ್ಲಿ ಎಲ್ಮ್ ಮರದಲ್ಲಿ 'ಪೆಲಗೋಸ್' ಮಾಡಿದರು. ಗ್ರೀಕಿನಲ್ಲಿ ಆ ಪದಕ್ಕೆ ಸಮುದ್ರವೆಂದರ್ಥ. ಮರವು ಅಲೆಯಂತೆ ಸುರುಳಿಗೊಂಡಿದೆ, ಒಳಮೈಗೆ ತೆಳುನೀಲಿ ಬಣ್ಣ, ಎರಡು ತುದಿಗಳ ನಡುವೆ ಬಿಗಿದ ದಾರಗಳು. ಮೂರ್ ಅವರ ರಂಧ್ರದ ಮೂಲಕ ಆಚೆಯ ಬಯಲು ಕಾಣುತ್ತದೆ. ಹೆಪ್‌ವರ್ತ್ ಅವರ ಪೊಳ್ಳಿನಲ್ಲಿ ಕಣ್ಣು ಒಳಗೇ ಉಳಿದುಕೊಳ್ಳುತ್ತದೆ. ಒಂದೇ ಗೆರೆಯಿಂದ ಹೊರಟು ಇಬ್ಬರೂ ಬೇರೆ ಬೇರೆ ಲೆಕ್ಕಗಳನ್ನು ಬಿಡಿಸಿದರು.

ಮೇಲುಗೈ ಹೇಗಾಯಿತೆಂಬುದಕ್ಕೆ ಉಳಿಗಿಂತ ಯುದ್ಧ ಹೆಚ್ಚು ಕಾರಣ. 1939ರ ಆಗಸ್ಟಿನಲ್ಲಿ ಹೆಪ್‌ವರ್ತ್ ಮತ್ತು ನಿಕಲ್ಸನ್ ಮಕ್ಕಳೊಂದಿಗೆ ಕಾರ್ನ್‌ವಾಲಿಗೆ ಹೋದರು. ಅಲ್ಲಿ ಹಗಲೆಲ್ಲ ಮಕ್ಕಳ ಆರೈಕೆ, ತರಕಾರಿ ಬೆಳೆಯುವ ಕೆಲಸ; ರಾತ್ರಿ ಸ್ವಲ್ಪ ಚಿತ್ರ ಬರೆಯುವುದು. ಕೆತ್ತಲು ಜಾಗವೂ ಇಲ್ಲ, ಸಾಮಗ್ರಿಯೂ ಇಲ್ಲ. ಆಕೆ ಖಾಲಿ ಮಾಡಿದ ಲಂಡನ್ನಿನ ಸ್ಟುಡಿಯೊಕ್ಕೆ 1940ರಲ್ಲಿ ಬಂದು ಸೇರಿದವರು ಮೂರ್ ದಂಪತಿಗಳೇ! ಬಾಂಬಿನ ಹಾವಳಿಯಿಂದ ಅವರೂ ಅದೇ ವರ್ಷ ಹರ್ಟ್‌ಫರ್ಡ್‌ಷೈರಿನ ಹಳ್ಳಿಗೆ ಹೊರಟರು. ಆದರೆ ಸುರಂಗ ರೈಲಿನ ನಿಲ್ದಾಣಗಳಲ್ಲಿ ರಾತ್ರಿ ಆಶ್ರಯ ಪಡೆದ ಜನರನ್ನು ಚಿತ್ರಿಸಿದ ಮೂರ್ ಅವರ ಹೆಸರು ದೇಶದ ಮನೆಮನೆಗೂ ತಲುಪಿತು. ಯುದ್ಧದ ಕಲಾವಿದರ ಸಮಿತಿಯ ಅಧ್ಯಕ್ಷ ಕೆನೆತ್ ಕ್ಲಾರ್ಕ್ ಅವರ ಬೆಂಬಲಿಗರು. ಆ ಚಿತ್ರಗಳು ನಿಜವಾಗಿಯೂ ದೊಡ್ಡವು, ಅದರಲ್ಲಿ ಮೋಸವಿಲ್ಲ. 1946ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಮೂರ್ ಅವರ ಸಮಗ್ರ ಪ್ರದರ್ಶನ ನಡೆಸಿತು. 1948ರ ವೆನಿಸ್ ಬಿನಾಲೆಯಲ್ಲಿ ಶಿಲ್ಪಕ್ಕಾಗಿ ಅಂತಾರಾಷ್ಟ್ರೀಯ ಬಹುಮಾನ ದೊರೆಯಿತು. ಎರಡು ವರ್ಷಗಳ ಮೇಲೆ ಅದೇ ವೆನಿಸ್ಸಿಗೆ ಹೆಪ್‌ವರ್ತ್ ಹೋದರು. ಹೋಲಿಕೆಗೆ ಅಳತೆಗೋಲು ಸಿದ್ಧವಾಗಿತ್ತು. ಮೂರ್ ಅವರ ಹಾದಿಯಲ್ಲಿ ನಡೆದವಳು ಎಂದು ಬರೆದು ವಿಮರ್ಶಕರು ಕೈತೊಳೆದುಕೊಂಡರು.

ಆಮೇಲಿನ ಕಥೆ ಎಲ್ಲರಿಗೂ ತಿಳಿದದ್ದೇ. ಮೂರ್ ಪ್ಯಾರಿಸ್ಸಿನ ಯುನೆಸ್ಕೊ ಕಚೇರಿಯ ಮುಂದೆ, ಹೆಪ್‌ವರ್ತ್ 1964ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಮುಂದೆ. ಡ್ಯಾಗ್ ಹ್ಯಾಮರ್‌ಶೋಲ್ಡ್ ಅವರ ನೆನಪಿಗಾಗಿ ನಿಲ್ಲಿಸಿದ 'ಸಿಂಗಲ್ ಫಾರ್ಮ್' ಇಪ್ಪತ್ತೊಂದು ಅಡಿ ಎತ್ತರವಿದೆ. ಕಲ್ಲಿನ ಮೇಲೆ ನೇರ ಕೆತ್ತನೆಯೇ ಧರ್ಮವೆಂದ ಇಬ್ಬರೂ ಕೊನೆಗೆ ಕಂಚಿನ ಎರಕಕ್ಕೆ ಒಲಿದರು. ಬೇಡಿಕೆ ಅಷ್ಟಿತ್ತು. ಮೂರ್ ಅವರ ಕಂಚುಗಳಂತೂ ಊರಿಗೊಂದರಂತೆ ಹರಡಿ, ಚೌಕದಲ್ಲಿ ಅವಿಲ್ಲದಿದ್ದರೆ ಏನೋ ಕೊರತೆ ಎಂಬಷ್ಟು ಸಾಮಾನ್ಯವಾದವು. ಆ ಸಾಮಾನ್ಯತೆ ಅವರಿಗೆ ಉಪಕಾರ ಮಾಡಲಿಲ್ಲ. ಹೆಪ್‌ವರ್ತ್ 1975ರ ಮೇ ತಿಂಗಳಲ್ಲಿ ಸೇಂಟ್ ಐವ್ಸಿನ ತಮ್ಮ ಸ್ಟುಡಿಯೊದಲ್ಲಿ ಎದ್ದ ಬೆಂಕಿಗೆ ಬಲಿಯಾದರು. ಮೂರ್ 1986ರವರೆಗೆ ಬದುಕಿದ್ದರು.

ಕಳ್ಳರು ಮಾತ್ರ ಇಬ್ಬರಲ್ಲಿ ಭೇದವೆಣಿಸಲಿಲ್ಲ. 2005ರ ಡಿಸೆಂಬರಿನಲ್ಲಿ ಮೂರ್ ಅವರ ಎರಡು ಟನ್ ತೂಕದ ಒರಗಿದ ಆಕೃತಿಯನ್ನು ಅವರ ಪ್ರತಿಷ್ಠಾನದ ಅಂಗಳದಿಂದಲೇ ಲಾರಿಯಲ್ಲಿ ಹೇರಿಕೊಂಡು ಹೋದರು. 2011ರ ಡಿಸೆಂಬರಿನಲ್ಲಿ ಲಂಡನ್ನಿನ ಡಲಿಚ್ ಉದ್ಯಾನದಿಂದ ಹೆಪ್‌ವರ್ತ್ ಅವರ ಸೀಳಿದ ವೃತ್ತದಂಥ ಕಂಚಿನ ಶಿಲ್ಪ ಮಾಯವಾಯಿತು. ಎರಡೂ ಗುಜರಿಯ ಕುಲುಮೆ ಸೇರಿರಬೇಕೆಂದು ಶಂಕೆ.

ಮಕ್ಕಳ ಮನೆಯೆಂದು ಆ ಕಡೆಗೆ ಹೋಗುವ ನನ್ನಂಥ ಹಿರಿಯರಿಗೆ ಒಂದು ಕೋರಿಕೆ. ಲೀಡ್ಸಿನಲ್ಲಿ ಮೂರ್ ಅವರ 1929ರ ಆ ಒರಗಿದ ಹೆಂಗಸನ್ನು ತಪ್ಪದೆ ನೋಡಿ. ಆದರೆ ಅದಕ್ಕೂ ಮೊದಲು ಬೆಳಗಿನ ರೈಲಿನಲ್ಲಿ ವೇಕ್‌ಫೀಲ್ಡಿಗೆ ಹೋಗಿ ಹೆಪ್‌ವರ್ತ್ ಅವರನ್ನು ನೋಡಿ ಬನ್ನಿ. ಸಂಗ್ರಹಾಲಯಕ್ಕೆ ನಿಲ್ದಾಣದಿಂದ ಹೆಚ್ಚು ದೂರವಿಲ್ಲ. ಒಳಗೆ ಕುಳಿತುಕೊಳ್ಳಲು ಆಸನಗಳೂ ಇವೆ, ಕಿಟಕಿಯಿಂದ ನದಿ ಕಾಣುತ್ತದೆ.